ಮಂಜಮ್ಮ ಜೋಗತಿ: ಕನಿಕರ ಸಾಕು, ಇನ್ನು ಕಲೆಯ ಮಾತಾಡಿ

ಮಂಜಮ್ಮ ಜೋಗತಿಯವರ ಬಗ್ಗೆ ನಮ್ಮ ಪತ್ರಿಕೆಗಳು ಬರೆದದ್ದನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ ಒಂದು ಗೋಣಿಚೀಲ ತುಂಬೀತು. 2021ರಲ್ಲಿ ಪದ್ಮಶ್ರೀ ಬಂದ ಮೇಲಂತೂ ಬರೆಯದ ಪತ್ರಿಕೆ ಇಲ್ಲ, ಮಾತಾಡಿಸದ ವಾಹಿನಿ ಇಲ್ಲ. ಸಂತೋಷ. ಆದರೆ ಆ ಬರಹಗಳನ್ನು ಸಾಲಾಗಿ ಓದಿ ನೋಡಿ. ಗಂಡಾಗಿ ಹುಟ್ಟಿದ್ದು, ಹೆಣ್ಣಾಗಿ ಬೆಳೆದದ್ದು, ಮನೆಯಿಂದ ಹೊರಬಿದ್ದದ್ದು, ಭಿಕ್ಷೆ ಬೇಡಿದ್ದು, ಸಾಯಲು ಹೊರಟದ್ದು, ಕೊನೆಗೆ ರಾಷ್ಟ್ರಪತಿ ಭವನದ ಕೆಂಪು ಹಾಸು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಅವರು ಕುಣಿಯುತ್ತಾರೆ ಎಂಬ ಸಂಗತಿ ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಹೇಗೆ ಕುಣಿಯುತ್ತಾರೆ? ಯಾರಿಂದ ಕಲಿತರು? ಆ ಕುಣಿತಕ್ಕೆ ಅವರು ಸೇರಿಸಿದ್ದೇನು? ಈ ಪ್ರಶ್ನೆಗಳನ್ನು ಕೇಳಿದವರು ವಿರಳ.

ಕತೆ ಬರೆಯುವ ನಮಗೆ ಇದರ ಗುಟ್ಟು ಗೊತ್ತು. ದುಃಖದ ಕತೆ ಬರೆಯುವುದು ಸುಲಭ, ಕಸುಬಿನ ಕತೆ ಬರೆಯುವುದು ಕಷ್ಟ. ದುಃಖಕ್ಕೆ ಓದುಗನ ಕಣ್ಣೀರು ಸಾಕು. ಕಸುಬಿಗೆ ಬರೆಯುವವನೂ ಕೂತು ನೋಡಬೇಕು, ಕಲಿಯಬೇಕು, ಗೌರವದಿಂದ ಕೇಳಬೇಕು. ನಮ್ಮ ಪತ್ರಕರ್ತ ಮಿತ್ರರು ಸುಲಭದ ದಾರಿ ಹಿಡಿದಿದ್ದಾರೆ. ಪರಿಣಾಮವಾಗಿ, ಈ ನಾಡಿನ ಒಬ್ಬ ದೊಡ್ಡ ನೃತ್ಯಗಾರ್ತಿ ನಮ್ಮ ಕಣ್ಣಿಗೆ ಗೆದ್ದು ಬಂದ ದೌರ್ಭಾಗ್ಯವಂತೆಯಾಗಿ ಮಾತ್ರ ಕಾಣುತ್ತಿದ್ದಾರೆ. ಅವರ ನೋವಿನ ವಿವರಗಳನ್ನು ನಾವು ಇಲ್ಲಿ ಮತ್ತೆ ಬರೆಯುವುದಿಲ್ಲ. ಬೇಕಾದವರು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಓದಲಿ. ನಾವು ಕೇಳುವುದು ಇಷ್ಟೇ: ಮಂಜಮ್ಮ ಜೋಗತಿಯವರನ್ನು ನೃತ್ಯ ಸಂಯೋಜಕಿ ಎಂದು ಕರೆಯಲು ನಿಮ್ಮ ನಾಲಿಗೆ ಏಕೆ ತಡವರಿಸುತ್ತದೆ?

ಕುರುಗೋಡು ಸೀಮೆಯ ಕಲ್ಲುಕಂಬ ಅವರ ಹುಟ್ಟೂರು. ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯದಲ್ಲಿ ಹೆಣ್ಣಿನ ನಡೆನುಡಿ ಕಂಡ ಮನೆಯವರು ತುಂಗಭದ್ರಾ ಅಣೆಕಟ್ಟಿನ ಹತ್ತಿರದ ಹುಲಿಗಿಗೆ ಕರೆದೊಯ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಅಲ್ಲಿಂದ ಅವರು ಜೋಗತಿ. ಇಲ್ಲಿಯವರೆಗಿನದು ದೈವದ ಕತೆ, ಮನೆತನದ ಕತೆ. ಕಲೆಯ ಕತೆ ಶುರುವಾಗುವುದು ದಾವಣಗೆರೆಯಲ್ಲಿ. ಅಲ್ಲಿ ತಂದೆ ಮಗ ಇಬ್ಬರು ಬೀದಿಯಲ್ಲಿ ಆಟ ಕಟ್ಟುತ್ತಿದ್ದರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ಅದನ್ನು ಕಂಡರು, ಬೆನ್ನು ಹತ್ತಿದರು, ಕಲಿತರು. ಆಮೇಲೆ ಸಿಕ್ಕವರು ಕಾಳವ್ವ ಜೋಗತಿ, ತಂಡ ಕಟ್ಟಿ ಜೋಗತಿಯರ ಕುಣಿತವನ್ನು ರಂಗಕ್ಕೆ ಹತ್ತಿಸಿದ ಹಿರಿಯ ಕಲಾವಿದೆ. ಮಂಜಮ್ಮ ಅವರ ಕೈಕೆಳಗೆ ಪಳಗಿದರು, ಸಣ್ಣ ಪಾತ್ರಗಳಿಂದ ದೊಡ್ಡ ಪಾತ್ರಗಳಿಗೆ ಬಂದರು. ಕಾಳವ್ವ ತೀರಿಕೊಂಡ ಮೇಲೆ ತಂಡದ ನೊಗಕ್ಕೆ ಹೆಗಲು ಕೊಟ್ಟವರೂ ಅವರೇ. ನೆಲೆ ನಿಂತದ್ದು ರಂಗಕಲಾವಿದೆಯರ ಊರೆಂದೇ ಹೆಸರಾದ ಮರಿಯಮ್ಮನಹಳ್ಳಿಯಲ್ಲಿ.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ. ಈಗ ಹೇಳಿ, ಬೀದಿಯಲ್ಲೊಬ್ಬ ಗುರು, ರಂಗದಲ್ಲೊಬ್ಬ ಗುರು, ದಶಕಗಳ ಅಭ್ಯಾಸ, ಸ್ವಂತ ತಂಡ, ಶಿಷ್ಯವರ್ಗ. ಇದಕ್ಕಿಂತ ಹೆಚ್ಚಿನ ಯಾವ ಸರ್ಟಿಫಿಕೇಟು ಬೇಕು? ಭರತನಾಟ್ಯದವರಿಗಾದರೆ ಇದನ್ನೇ ಗುರುಪರಂಪರೆ ಎನ್ನುತ್ತೀರಿ. ಜೋಗತಿಗಾದರೆ ಹೊಟ್ಟೆಪಾಡು ಎನ್ನುತ್ತೀರಿ.

ಆ ಕುಣಿತವನ್ನು ಒಮ್ಮೆ ಸರಿಯಾಗಿ ನೋಡೋಣ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕೊಡ. ಕೈ ಮುಟ್ಟುವಂತಿಲ್ಲ. ಕಾಲು ತಾಳಕ್ಕೆ ಬೀಳುತ್ತಿರಬೇಕು, ಸೊಂಟ ತಿರುಗಬೇಕು, ತೋಳು ಮಾತಾಡಬೇಕು, ಕುತ್ತಿಗೆ ಮಾತ್ರ ಕಂಬದಂತೆ ನಿಲ್ಲಬೇಕು. ಮೊಣಕಾಲು ಮಡಿಸಿ, ನೆಲಕ್ಕೆ ಇಳಿದು, ಅಲ್ಲಿ ಬಿದ್ದ ನಾಣ್ಯ ಎತ್ತುವ ಹೊತ್ತಿನಲ್ಲೂ ಕೊಡ ಜಾರಬಾರದು. ಪಕ್ಕದಲ್ಲಿ ಚೌಡಿಕೆ: ಟೊಳ್ಳು ಮರಕ್ಕೆ ಚರ್ಮ ಬಿಗಿದು, ಅದರ ನಡುವಿಂದ ಹಾಯಿಸಿದ ಒಂದೇ ತಂತಿ. ಕಂಕುಳಲ್ಲಿ ಅವುಚಿ ತಂತಿಯನ್ನು ಎಳೆದು ಸಡಿಲಿಸಿ ಮೀಟಿದರೆ ಅದು ಗದರಿಸುತ್ತದೆ, ಅಳುತ್ತದೆ, ನಗುತ್ತದೆ. ಜೊತೆಗೆ ಶ್ರುತಿ, ತಾಳ. ಇಷ್ಟೇ ಸಾಮಗ್ರಿ.

ಹಾಡುವ ಕತೆ ರೇಣುಕೆಯದು. ಜಮದಗ್ನಿಯ ಹೆಂಡತಿ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ, ನೀರು ತರುತ್ತಿದ್ದಳಂತೆ. ಒಂದು ದಿನ ನೀರಾಟವಾಡುತ್ತಿದ್ದ ಗಂಧರ್ವನ ಕಡೆ ಕಣ್ಣು ಹೊರಳಿತು. ಮರಳಿನ ಕೊಡ ಕುಸಿಯಿತು. ಆ ಒಂದು ನೋಟಕ್ಕೆ ಶಿಕ್ಷೆ ಏನೆಂದರೆ ಗಂಡನ ಆಜ್ಞೆ, ಮಗ ಪರಶುರಾಮನ ಕೊಡಲಿ. ಈ ಕತೆ ಗೊತ್ತಿದ್ದವನಿಗೆ ಜೋಗತಿಯ ತಲೆಯ ಮೇಲಿನ ಕೊಡ ಬರೀ ಸರ್ಕಸ್ಸಾಗಿ ಕಾಣದು. ಕೊಡ ಬಿದ್ದರೆ ಹೆಣ್ಣಿನ ತಲೆ ಬೀಳುತ್ತದೆ ಎಂಬ ಭಯವೇ ಆ ನೆಟ್ಟಗಿನ ಕುತ್ತಿಗೆಯಲ್ಲಿದೆ. ಕೆಳಗಿನ ದೇಹವೆಲ್ಲ ಆಸೆಯಿಂದ ಕುಣಿಯುತ್ತದೆ, ಮೇಲಿನ ಕೊಡ ಮಾನದ ಕಾವಲು ಕಾಯುತ್ತದೆ. ಅದನ್ನು ಹೊತ್ತಿರುವುದು ಗಂಡು ದೇಹದಲ್ಲಿ ಹುಟ್ಟಿ, ಹೆಣ್ಣೆಂದು ಬದುಕಿದ್ದಕ್ಕೆ ಊರಿನಿಂದ ಶಿಕ್ಷೆ ಉಂಡ ಜೀವ. ಇಂದಿನ ಪ್ರಶ್ನೆಯನ್ನು ಇಂದಿನ ದೇಹದಲ್ಲಿ ಇಂದಿನ ಪ್ರೇಕ್ಷಕನ ಮುಂದೆ ಇಡುವುದನ್ನೇ ಅಲ್ಲವೇ ನೀವು ಸಮಕಾಲೀನ ನೃತ್ಯ ಎಂದು ಕರೆಯುವುದು? ಹಾಗಾದರೆ ಇದಕ್ಕಿಂತ ಸಮಕಾಲೀನವಾದದ್ದು ಇನ್ನಾವುದು?

ನಗರದ ನೃತ್ಯದ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಈ ನಾಡಿನಲ್ಲಿ ಕೊರಿಯಾಗ್ರಫಿ ಎಂಬ ಪದಕ್ಕೆ ಮರ್ಯಾದೆ ತಂದವರು ಮಾಯಾ ರಾವ್ (1928-2014). ಕಥಕ್ ಕಲಿತು, ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನೇ ಒಂದು ಶಾಸ್ತ್ರವಾಗಿ ಅಭ್ಯಾಸ ಮಾಡಿ ಬಂದವರು. 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದರು. ಅವರ ಮಗಳು ಮಧು ನಟರಾಜ್ 1995ರಲ್ಲಿ ತಮ್ಮದೇ ನೃತ್ಯ ಕಂಪನಿ ಕಟ್ಟಿದರು. 1992ರಲ್ಲಿ ಶುರುವಾದ ಅಟ್ಟಕ್ಕಲರಿ ಸಮಕಾಲೀನ ನೃತ್ಯಕ್ಕೆ ಬೆಂಗಳೂರಿನಲ್ಲಿ ಒಂದು ವಿಳಾಸ ಕೊಟ್ಟಿತು. ಇವರೆಲ್ಲರ ಶ್ರಮ ದೊಡ್ಡದು. ನಮ್ಮ ತಕರಾರು ಇರುವುದು ಪಂಕ್ತಿಭೇದದ ಬಗ್ಗೆ.

ನಗರದ ನೃತ್ಯ ಪ್ರದರ್ಶನದ ಕರಪತ್ರ ಕೈಗೆತ್ತಿಕೊಳ್ಳಿ. ಪರಿಕಲ್ಪನೆ ಇಂಥವರದು, ಸಂಯೋಜನೆ ಇಂಥವರದು, ಬೆಳಕು, ವಸ್ತ್ರ, ಸಂಗೀತ ಇಂಥಿಂಥವರದು. ಒಬ್ಬೊಬ್ಬ ನರ್ತಕ ನರ್ತಕಿಗೂ ಹೆಸರಿದೆ. ಈಗ ಸರ್ಕಾರಿ ಉತ್ಸವದ ಕರಪತ್ರ ನೋಡಿ: ಜೋಗತಿ ನೃತ್ಯ, ಮಂಜಮ್ಮ ಜೋಗತಿ ಮತ್ತು ತಂಡ. ಮುಗಿಯಿತು. ಆ 'ಮತ್ತು ತಂಡ' ಎಂಬ ಎರಡು ಪದಗಳ ಹೊಟ್ಟೆಯೊಳಗೆ ಚೌಡಿಕೆ ಮೀಟುವವರು, ಮೇಳ ಹಾಡುವವರು, ಕೊಡ ಹೊರುವವರು ಎಷ್ಟು ಮಂದಿ ಹೆಸರಿಲ್ಲದೆ ಕರಗಿಹೋಗಿದ್ದಾರೆ! ಹೆಸರಿಲ್ಲದ ಕಡೆ ಸಂಭಾವನೆಯೂ ಇರುವುದಿಲ್ಲ. ಅಲ್ಲಿರುವುದು ಗೌರವಧನ. ಗೌರವವೂ ಕಡಿಮೆ, ಧನವೂ ಕಡಿಮೆ.

ಸರ್ಕಾರದ ಮನೆಯೊಳಗೇ ಈ ಗೋಡೆ ಇದೆ. ಸಂಗೀತ ನೃತ್ಯ ಅಕಾಡೆಮಿ ಒಂದು, ಜಾನಪದ ಅಕಾಡೆಮಿ ಇನ್ನೊಂದು. ಮಂಜಮ್ಮ ಅಧ್ಯಕ್ಷರಾದದ್ದು ಎರಡನೆಯದಕ್ಕೆ. ಜೀವನವಿಡೀ ಕುಣಿದವರ ಕಲೆ ನೃತ್ಯದ ಮನೆಯಲ್ಲಿ ಇರಬಾರದೇ? ಗೆಜ್ಜೆ ಕಟ್ಟಿ, ಅಡವು ಹಾಕಿ, ಸಂಸ್ಕೃತ ಶ್ಲೋಕಕ್ಕೆ ಕುಣಿದರೆ ನೃತ್ಯ. ಚೌಡಿಕೆಯ ತಂತಿಗೆ ಕುಣಿದರೆ ಜಾನಪದ. ಈ ವಿಂಗಡಣೆಯನ್ನು ಕಲೆ ಮಾಡಿಲ್ಲ, ಜಾತಿ ಮಾಡಿದೆ. ವಿಪರ್ಯಾಸವೆಂದರೆ ದೆಹಲಿಯ ಪದ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಕಲೆ ಎಂದಷ್ಟೇ ಇದೆ. ಅಲ್ಲಿ ಕಾಣದ ಗೋಡೆ ನಮ್ಮ ಬೆಂಗಳೂರಿನಲ್ಲಿ ಗಟ್ಟಿಯಾಗಿ ನಿಂತಿದೆ.

ವಿದ್ವಾಂಸರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ. ಜೋಗತಿ ಕುಣಿತ ಪರಂಪರೆಯಿಂದ ಬಂದದ್ದು, ಅದರಲ್ಲಿ ಮಂಜಮ್ಮನವರ ಸ್ವಂತ ಸೃಷ್ಟಿ ಏನಿದೆ ಎಂಬುದು ಅವರ ಪ್ರಶ್ನೆ. ಉತ್ತರ ಸರಳ. ಸವದತ್ತಿಯ ಗುಡ್ಡದಲ್ಲಿ ಕುಣಿಯುವಾಗ ಪ್ರೇಕ್ಷಕ ಇರುವುದಿಲ್ಲ, ದೇವಿ ಇರುತ್ತಾಳೆ. ಅಲ್ಲಿ ಹಿಂದುಮುಂದಿಲ್ಲ, ಹೊತ್ತಿನ ಮಿತಿಯಿಲ್ಲ. ರಂಗದ ಮೇಲೆ ಬಂದ ಕೂಡಲೇ ಎಲ್ಲವೂ ಬೇರೆ. ಯಾರು ಮೊದಲು ಬರಬೇಕು, ಯಾವ ಹಾಡು ಉಳಿಯಬೇಕು, ಯಾವುದು ಬಿಡಬೇಕು, ಕೊಡ ಯಾವಾಗ ತಲೆಗೇರಬೇಕು, ಎಲ್ಲಿ ಮೌನ, ಎಲ್ಲಿ ವೇಗ ಎಂಬುದನ್ನೆಲ್ಲ ಯಾರೋ ಒಬ್ಬರು ತೀರ್ಮಾನಿಸಬೇಕು. ರಾತ್ರಿಯಿಡೀ ನಡೆಯುವ ಸೇವೆಯನ್ನು ಅದರ ಜೀವ ಹೋಗದಂತೆ ಚಿಕ್ಕ ಪ್ರದರ್ಶನವಾಗಿ ಕಟ್ಟಬೇಕು. ಆ ತೀರ್ಮಾನಗಳ ಹೆಸರೇ ಸಂಯೋಜನೆ. ಕಾಳವ್ವ ಅದನ್ನು ಮಾಡಿದರು, ಮಂಜಮ್ಮ ಅದನ್ನು ಮುಂದುವರಿಸಿದರು. ಅಲಾರಿಪು, ತಿಲ್ಲಾನ ಕೂಡ ಪರಂಪರೆಯಿಂದಲೇ ಬಂದವು. ಅವನ್ನು ಹೊಸದಾಗಿ ಜೋಡಿಸಿದವರನ್ನು ಸಂಯೋಜಕರು ಎನ್ನುವಾಗ ಈ ತಕರಾರು ಎಲ್ಲಿ ಅಡಗಿರುತ್ತದೆ?

ಈ ಮಾತನ್ನು ಬಳ್ಳಾರಿಯವರು ಹೆಚ್ಚು ಗಟ್ಟಿಯಾಗಿ ಆಡಬೇಕು. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಆ ಮದರಾಸಿನಲ್ಲೇ ಒಂದು ನೃತ್ಯ ಕೈ ಬದಲಾಯಿಸಿದ ಕತೆ ನಡೆಯಿತು. ದೇವದಾಸಿಯರ ಸದಿರ್ ಆಟ ಅಶ್ಲೀಲವೆಂದು ಮಹನೀಯರು ಬೊಬ್ಬೆ ಹಾಕಿದರು. 1935ರಲ್ಲಿ ರುಕ್ಮಿಣಿದೇವಿ ಅದನ್ನು ವೇದಿಕೆಯಲ್ಲಿ ಕುಣಿದರು, 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು. 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂತು. ಕಾಯ್ದೆ ಬೇಕಿತ್ತು, ಅದನ್ನು ನಾವು ಒಪ್ಪುತ್ತೇವೆ. ಆದರೆ ಕೊನೆಗೆ ಆದದ್ದೇನು? ನೃತ್ಯ ಮೇಲ್ಜಾತಿಯ ಮನೆಗಳಿಗೆ ಭರತನಾಟ್ಯವಾಗಿ ಹೋಯಿತು. ಅದನ್ನು ಶತಮಾನಗಳ ಕಾಲ ಮೈಯಲ್ಲಿ ಕಾಪಾಡಿದ ಹೆಂಗಸರು ಕಳಂಕ ಹೊತ್ತುಕೊಂಡು ಹೊರಗೆ ಉಳಿದರು. ಬಾಲಸರಸ್ವತಿಯಂಥ ಒಬ್ಬರೋ ಇಬ್ಬರೋ ತಲೆಯೆತ್ತಿ ನಿಂತರು, ಉಳಿದವರ ಹೆಸರು ಯಾರಿಗೂ ನೆನಪಿಲ್ಲ.

ಜೋಗತಿ ಕುಣಿತಕ್ಕೂ ಅದೇ ಗತಿ ಬರುವ ಲಕ್ಷಣ ಕಾಣುತ್ತಿದೆ. ಶಾಲಾ ಕಾಲೇಜುಗಳ ಸ್ಪರ್ಧೆಗಳಲ್ಲಿ ಮಕ್ಕಳು ಕೊಡ ಹೊತ್ತು ಕುಣಿಯುತ್ತಾರೆ. ಕುಣಿಯಲಿ, ಕಲೆ ಯಾರಪ್ಪನ ಸೊತ್ತೂ ಅಲ್ಲ. ಆದರೆ ಆ ಮಕ್ಕಳಿಗೆ ಕಲಿಸಲು ಒಬ್ಬ ಜೋಗತಿಯನ್ನು ಸಂಬಳ ಕೊಟ್ಟು ಕರೆಸಿದ ಶಾಲೆಗಳು ಎಷ್ಟಿವೆ? ಕೊಡ ಬೇಕು, ಕೊಡ ಹೊತ್ತವಳು ಬೇಡ ಎಂಬುದು ಯಾವ ನ್ಯಾಯ?

ಕಾನೂನಿನ ಕಡೆಯೂ ಒಮ್ಮೆ ನೋಡಿ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜಡಾಗಳಿಗೆಂದೇ ಒಂದು ಭಾಗವಿತ್ತು. ಅದು ಜಾರಿಯಾದ ಉತ್ತರ ಭಾರತದ ಪ್ರಾಂತ್ಯಗಳಲ್ಲಿ, ಪೊಲೀಸರ ಪಟ್ಟಿಗೆ ಸೇರಿದ ಹಿಜಡಾ ಸೀರೆ ಉಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ, ಹಾಡಿದರೆ ಜೈಲು. ಕುಣಿಯುವುದೇ ಅಪರಾಧ! ಅದು ಬಿಳಿಯರ ಕಾಲದ ಮಾತು ಎಂದು ಸಮಾಧಾನ ಪಡಬೇಡಿ. ನಮ್ಮದೇ ಕರ್ನಾಟಕ ಸರ್ಕಾರ 2010ರಲ್ಲಿ ಮಂಜಮ್ಮನವರ ಕೊರಳಿಗೆ ರಾಜ್ಯೋತ್ಸವದ ಹಾರ ಹಾಕಿತು. ಮರುವರ್ಷ, 2011ರಲ್ಲಿ, ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಅವರಂಥವರ ಹೆಸರು ವಿಳಾಸಗಳನ್ನು ದಾಖಲೆ ಪುಸ್ತಕದಲ್ಲಿಟ್ಟು ಕಣ್ಣಿಡುವ ಅಧಿಕಾರವನ್ನು ನಗರಗಳ ಪೊಲೀಸ್ ಆಯುಕ್ತರಿಗೆ ಕೊಟ್ಟಿತು. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಲಾಠಿ. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರಿಗೂ ಸಂವಿಧಾನದ ಹಕ್ಕುಗಳೆಲ್ಲ ಇವೆ ಎಂದು ಹೇಳಿತು. ಆ ಕಲಂ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆಯೇ ಅದರ ಮಾತುಗಳು ಬದಲಾದವು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟದ್ದು ಸ್ವಾಗತಾರ್ಹ. ಆದರೆ ನೌಕರಿಯ ಅರ್ಜಿ ಹಾಕಲು ಓದು ಬೇಕು. ಹದಿಹರೆಯದಲ್ಲೇ ಶಾಲೆ ಬಿಡಿಸಲ್ಪಟ್ಟ ಜೋಗತಿಯ ಕೈಯಲ್ಲಿ ಇರುವುದು ಚೌಡಿಕೆ. ಆ ಚೌಡಿಕೆಯನ್ನು ವಿದ್ಯೆ ಎಂದು ಒಪ್ಪದ ಹೊರತು ಆ ಶೇಕಡಾ ಒಂದು ಅವಳ ಮನೆ ಬಾಗಿಲಿಗೆ ಬರುವುದಿಲ್ಲ.

ನಮ್ಮ ಪ್ರಗತಿಪರ ಮಿತ್ರರು ಇನ್ನೊಂದು ಕಡೆಯಿಂದ ಬರುತ್ತಾರೆ. ಮುತ್ತು ಕಟ್ಟುವುದೇ ಶೋಷಣೆ, 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದೆ, ಅಂಥದರಲ್ಲಿ ಹುಟ್ಟಿದ ಕುಣಿತವನ್ನು ಹೊಗಳಬಹುದೇ ಎನ್ನುತ್ತಾರೆ. ಒಂದು ಮಗುವಿಗೂ ಬಲವಂತದಿಂದ ಮುತ್ತು ಕಟ್ಟಬಾರದು. ಈ ಮಾತಿನಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಪದ್ಧತಿಯ ಮೇಲಿನ ಸಿಟ್ಟನ್ನು ಅದರಲ್ಲಿ ಸಿಕ್ಕಿಬಿದ್ದವರ ವಿದ್ಯೆಯ ಮೇಲೆ ತೀರಿಸಬೇಡಿ. ಮುತ್ತಿನಿಂದ ಬಿಡುಗಡೆಯಾದ ಮೇಲೆ ಅವರು ತಿನ್ನುವುದೇನು? ರಂಗ ಮತ್ತು ತಂಡ ಎಂಬುದು ಭಿಕ್ಷೆಯ ಪಡ್ಡಲಗಿಗೆ ಪರ್ಯಾಯವಾಗಿ ಕಾಳವ್ವ, ಮಂಜಮ್ಮ ತಾವೇ ಕಂಡುಕೊಂಡ ದಾರಿ. ಆ ದಾರಿಯನ್ನು ಅಗಲ ಮಾಡುವುದೇ ನಿಜವಾದ ಸುಧಾರಣೆ.

ಯಲ್ಲಮ್ಮನ ಜೋಗತಿಯ ವಿಷಯ ಈ ಪತ್ರಿಕೆಯ ಪುಟಗಳಲ್ಲಿ ಏಕೆ ಎಂದು ಹುಬ್ಬೇರಿಸುವ ಓದುಗರೂ ಇರಬಹುದು. ಅವರಿಗೆ ನಮ್ಮ ಮಾತು ಇಷ್ಟು. ಬಳ್ಳಾರಿಯ ಕೌಲ್ ಬಜಾರಿನ ಅಂಗಡಿಗಳ ಮುಂದೆ, ಸಿರುಗುಪ್ಪದ ಅಕ್ಕಿ ಗಿರಣಿಗಳ ಬಾಗಿಲಲ್ಲಿ, ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಚೌಡಿಕೆಯ ಸದ್ದು ಕೇಳಿ ಬೆಳೆದವರು ನಾವು. ಮಂಗಳವಾರ, ಶುಕ್ರವಾರ ಪಡ್ಡಲಗಿ ಹೊತ್ತು ಬಂದ ಜೋಗಮ್ಮನಿಗೆ ಜೋಳ ಹಾಕುವಾಗ ಇದು ಯಾರ ಮನೆ ಎಂದು ಅವಳೂ ಕೇಳಿಲ್ಲ, ನೀನು ಯಾವ ದೇವರವಳು ಎಂದು ನಮ್ಮ ಅಮ್ಮಂದಿರೂ ಕೇಳಿಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೆಷ್ಟು, ಮುಸ್ಲಿಮರೆಷ್ಟು ಎಂದು ನಮ್ಮ ಹಳ್ಳಿಗಳಲ್ಲಿ ಎಣಿಸುವ ರೂಢಿ ಇರಲಿಲ್ಲ. ಮುನಿದ ಗುರುವನ್ನು ಒಲಿಸಿಕೊಳ್ಳಲು ಬುಲ್ಲೇ ಶಾಹ್ ಹೆಣ್ಣಿನ ಉಡುಪು ತೊಟ್ಟು ಕುಣಿದನೆಂಬ ಕತೆಯನ್ನು ಉರ್ದು, ಪಂಜಾಬಿ ಬಲ್ಲವರೆಲ್ಲ ಕೇಳಿರುತ್ತಾರೆ. ಆ ಕತೆಗೆ ತಲೆದೂಗುವವರು ಕಣ್ಣೆದುರಿನ ಮಂಜಮ್ಮನನ್ನು ಕಂಡು ಮುಖ ತಿರುಗಿಸುವುದು ಸರಿಯೇ?

2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಉರ್ದುವಿನಲ್ಲಿ ಇದಕ್ಕೆ ಬಲಾಯೇಂ ಲೇನಾ ಎನ್ನುತ್ತಾರೆ, ಎದುರಿನವರ ಕಷ್ಟವನ್ನು ತನ್ನ ಮೈಮೇಲೆ ಎಳೆದುಕೊಳ್ಳುವುದು ಎಂದು ಅರ್ಥ. ಎಲ್ಲರೂ ಅದನ್ನು ಮುಗ್ಧ ಆಶೀರ್ವಾದ ಎಂದು ಬರೆದರು. ಆ ಕೈಯ ಅಳತೆಯನ್ನು, ಸೆರಗಿನ ಬೀಸನ್ನು, ಅಷ್ಟು ದೊಡ್ಡ ಸಭಾಂಗಣವನ್ನು ಕೆಲವೇ ಕ್ಷಣಗಳಲ್ಲಿ ತನ್ನ ರಂಗ ಮಾಡಿಕೊಂಡ ನಿಲುವನ್ನು ಯಾರೂ ಬರೆಯಲಿಲ್ಲ. ಅದು ದಶಕಗಳ ಕಾಲ ಪ್ರೇಕ್ಷಕರನ್ನು ಪಳಗಿಸಿದ ಕಲಾವಿದೆಯ ಮೈ.

ಹಾಗಾದರೆ ಮಾಡಬೇಕಾದದ್ದೇನು? ಉತ್ಸವಗಳಲ್ಲಿ ಜೋಗತಿಯರನ್ನು ಬಿಸಿಲಿನ ಮೆರವಣಿಗೆಯಲ್ಲಿ ಮಂತ್ರಿಗಳ ಮುಂದೆ ನಡೆಸಿ, ರಾತ್ರಿಯ ದೊಡ್ಡ ವೇದಿಕೆಯನ್ನು ಸಿನಿಮಾದವರಿಗೆ ಬಿಟ್ಟುಕೊಡುವುದು ನಿಲ್ಲಲಿ. ಬಳ್ಳಾರಿಯ ರಾಘವ ಕಲಾಮಂದಿರದಂಥ ರಂಗದಲ್ಲಿ ಅವರ ಪೂರ್ತಿ ಪ್ರದರ್ಶನ ಏರ್ಪಡಲಿ. ಟಿಕೆಟ್ ಇಡಿ, ಜನ ದುಡ್ಡು ಕೊಟ್ಟು ನೋಡಲಿ. ಕರಪತ್ರದಲ್ಲಿ 'ಮತ್ತು ತಂಡ' ಹೋಗಿ ಪ್ರತಿಯೊಬ್ಬರ ಹೆಸರು ಬರಲಿ. ಸಂಗೀತ ನೃತ್ಯ ಅಕಾಡೆಮಿ ತನ್ನ ಬಾಗಿಲು ತೆರೆಯಲಿ. 2011ರಲ್ಲಿ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಕಟ್ಟಿದ ಸರ್ಕಾರ, ಪದವಿ ಕೇಳದೆ ಜೋಗತಿಯರನ್ನು ಅಧ್ಯಾಪಕರ ಸಂಬಳದಲ್ಲಿ ಗುರುಗಳಾಗಿ ನೇಮಿಸಲಿ. ಮಂಜಮ್ಮ ಮತ್ತು ಅವರ ಸಮಕಾಲೀನರ ಕುಣಿತವನ್ನು ಆದಿಯಿಂದ ಅಂತ್ಯದವರೆಗೆ ಚಿತ್ರೀಕರಿಸಿ ಇಡಲಿ. ಕಾಳವ್ವನ ಕುಣಿತ ಕಾಳವ್ವನ ಜೊತೆಗೇ ಮಣ್ಣಾಯಿತು. ಮತ್ತೊಮ್ಮೆ ಹಾಗಾಗಬಾರದು.

ಪ್ರಶಸ್ತಿ ಕೊಟ್ಟಿದ್ದೇವಲ್ಲ, ಇನ್ನೇನು ಎನ್ನುವವರಿಗೆ ನಮ್ಮ ಗಾದೆಯೇ ಉತ್ತರ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಒಬ್ಬ ಮಂಜಮ್ಮನ ಕೊರಳಿಗೆ ಹಾರ ಹಾಕಿ ಉಳಿದ ಜೋಗತಿಯರನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಆ ಹಾರ ಬಾಡುತ್ತದೆ. ಮುಂದಿನ ಸಲ ಅವರನ್ನು ಸಂದರ್ಶಿಸಲು ಹೋಗುವ ಪತ್ರಕರ್ತ ಮಿತ್ರರೇ, ನಿಮಗೆ ಎಷ್ಟು ಕಷ್ಟವಾಯಿತಮ್ಮ ಎಂದು ದಯವಿಟ್ಟು ಕೇಳಬೇಡಿ. ಕೊಡ ತಲೆಗೇರಿದ ಮೇಲೆ ಮೊದಲ ಹೆಜ್ಜೆ ಯಾವ ಕಾಲಿನದು ಎಂದು ಕೇಳಿ.